ಪರ-ವಿರೋಧ: ನಾವು ಓದಿದ ಸಣ್ಣ ಶಾಲೆಯನ್ನು ಪಬ್ಲಿಕ್ ಶಾಲೆಗೆ ಸೇರಿಸಬೇಕೇ?

ಪರ: ಮಗುವಿಗೆ ಜೊತೆಯವರು ಬೇಕು

ಒಂಬತ್ತು ಮಕ್ಕಳು, ಐದು ತರಗತಿ, ಒಬ್ಬರೇ ಟೀಚರ್. ಹೊಸನಗರ ತಾಲ್ಲೂಕಿನ ನಮ್ಮೂರ ಕಿರಿಯ ಪ್ರಾಥಮಿಕ ಶಾಲೆ ಇವತ್ತು ಇರುವುದು ಹೀಗೆ. ನೀನು ಓದಿದ ಶಾಲೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಬಹುದು ಎಂದರೆ ನಾನು ಹೊಸ ಕಟ್ಟಡ ಕೇಳುವುದಿಲ್ಲ, ಸ್ಮಾರ್ಟ್ ಬೋರ್ಡನ್ನೂ ಕೇಳುವುದಿಲ್ಲ. ಹೋಬಳಿ ಊರಿನಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಗೆ ಅದನ್ನು ಸೇರಿಸಿ, ಮಕ್ಕಳಿಗೆ ವ್ಯಾನ್ ಕೊಡಿ ಎನ್ನುತ್ತೇನೆ. ಏಳು ಕಿಲೋಮೀಟರ್ ದಾರಿ, ಅಷ್ಟೇ.

ನಾನು ಓದುವಾಗಲೇ ಮಕ್ಕಳ ಸಂಖ್ಯೆ ಇಳಿಯತೊಡಗಿತ್ತು. ಐದನೇ ತರಗತಿಗೆ ಬರುವ ಹೊತ್ತಿಗೆ ನನ್ನ ತರಗತಿಯಲ್ಲಿ ನಾನೊಬ್ಬಳೇ ಉಳಿದೆ. ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ನನ್ನದೇ, ಕೊನೆಯದೂ ನನ್ನದೇ. ಆರನೇ ತರಗತಿಗೆ ಹೋಬಳಿ ಶಾಲೆಗೆ ಹೋದಾಗ ಮೊದಲ ವಾರ ಗಣಿತದ ಮೇಷ್ಟ್ರು 25ನ್ನು 16ರಿಂದ ಗುಣಿಸಿ ಎಂದರು. ನಾನು ಕಲಿತ ಹಾಗೆ ಒಂದರ ಕೆಳಗೊಂದು ಬರೆದು, ದಶಕ ಏರಿಸಿ, ಕೂಡಿಸುತ್ತಾ ಕೂತಿದ್ದೆ. ಪಕ್ಕದ ಹುಡುಗಿ ಪೆನ್ಸಿಲ್ ಮುಟ್ಟದೆ ನಾನೂರು ಎಂದಳು. ಹೇಗೆ ಎಂದು ಮೇಷ್ಟ್ರು ಕೇಳಿದರೆ, ‘ನಾಲ್ಕು ಇಪ್ಪತ್ತೈದು ನೂರು ಸಾರ್, ಹದಿನಾರರಲ್ಲಿ ನಾಲ್ಕು ನಾಲ್ಕಿದೆ’ ಎಂದಳು. ಒಂದು ಲೆಕ್ಕವನ್ನು ಎರಡು ದಾರಿಯಲ್ಲಿ ಮಾಡಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಐದು ವರ್ಷ ನಾನು ಕೇಳಿದ್ದು ಟೀಚರ್ ಹೇಳಿದ ಒಂದು ಉತ್ತರ, ಹೇಳಿದ್ದು ನನ್ನ ಒಂದು ಉತ್ತರ. ನನ್ನ ಟೀಚರ್ ಒಳ್ಳೆಯವರು, ಅಕ್ಷರ ತಿದ್ದಿಸಿದವರು, ಇವತ್ತಿಗೂ ಕಂಡರೆ ಕಾಲಿಗೆ ಬೀಳುತ್ತೇನೆ. ಆದರೆ ಅವರೊಬ್ಬರೇ ನನಗೆ ತರಗತಿಯಾಗಲು ಸಾಧ್ಯವಿರಲಿಲ್ಲ. ಆ ವರ್ಷವಿಡೀ ಕೈ ಎತ್ತಲು ಹೆದರಿದೆ. ತಪ್ಪು ಉತ್ತರ ಹೇಳಿ ನಾಲ್ಕು ಜನರ ಮುಂದೆ ನಗುವುದನ್ನು ಕಲಿಯಲು ನನಗೆ ಏಳನೇ ತರಗತಿಯೂ ಬೇಕಾಯಿತು.

ಸಣ್ಣ ಶಾಲೆಯ ಪರ ಇರುವವರು ನಲಿ-ಕಲಿಯ ಮಾತು ತೆಗೆಯುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿ ನನಗೂ ಬಹಳ ಇಷ್ಟ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಕಾ ಏಣಿಯಲ್ಲಿ ತಮ್ಮ ವೇಗದಲ್ಲಿ ಹತ್ತುತ್ತಾರೆ. ಆದರೆ ಅದನ್ನು ಕಟ್ಟಿದವರು ಏನು ಮಾಡಿದ್ದಾರೆ ನೋಡಿ. ಶಿಕ್ಷಕರ ನೆರವಿನಲ್ಲಿ ಕಲಿಯುವ ತಟ್ಟೆ (ಗುಂಪು ಕೂರುವ ಜಾಗ) ಒಂದು, ಸಹಪಾಠಿಯ ನೆರವಿನಲ್ಲಿ ಕಲಿಯುವ ತಟ್ಟೆ ಇನ್ನೊಂದು, ತಾನೇ ಕಲಿಯುವ ತಟ್ಟೆ ಮತ್ತೊಂದು ಎಂದು ಮಕ್ಕಳನ್ನು ಗುಂಪು ಮಾಡಿದ್ದಾರೆ. ನಮ್ಮ ಶಾಲೆಯ ಎರಡನೇ ತರಗತಿಯಲ್ಲಿ ಇರುವುದು ಒಂದು ಮಗು. ಆ ಮಗು ಯಾವ ಸಹಪಾಠಿಯ ಪಕ್ಕ ಹೋಗಿ ಕೂರಬೇಕು?

ಇನ್ನು ಟೀಚರ್ ವಿಷಯ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ನಮ್ಮಲ್ಲಿ ಎರಡನೆಯವರ ಹೆಸರು ದಾಖಲೆಯಲ್ಲಿದೆ, ಅವರು ನಿಯೋಜನೆ ಮೇಲೆ ಬೇರೆ ಕಡೆ ಇದ್ದಾರೆ. ಉಳಿದವರೊಬ್ಬರೇ ಬಿಸಿಯೂಟದ ಅಕ್ಕಿ ಲೆಕ್ಕ ಬರೆಯಬೇಕು, ಹಾಲಿನ ಪುಡಿ ನೋಡಬೇಕು, ಮೊಟ್ಟೆ ತರಿಸಬೇಕು, ಮಕ್ಕಳ ದಾಖಲೆ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬಬೇಕು, ಮತದಾರರ ಪಟ್ಟಿ ತಿದ್ದಲು ಮನೆ ಮನೆಗೆ ಹೋಗಬೇಕು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆ ಇದ್ದ ದಿನ ಅಡುಗೆಯವರೇ ಮಕ್ಕಳನ್ನು ಕಾಯುತ್ತಾರೆ. ಎರಡನೆಯವರು ನಾಳೆ ವಾಪಸ್ ಬಂದರೂ ಇಬ್ಬರು ಐದು ತರಗತಿಗಳಿಗೆ ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಲ್ಲವನ್ನೂ ಮಾಡಬೇಕು. ದೈಹಿಕ ಶಿಕ್ಷಕರ ಕನಸೇ ಬೇಡ. ಕಬಡ್ಡಿ ತಂಡಕ್ಕೆ ಏಳು ಜನ ಬೇಕು. ಒಂಬತ್ತರಲ್ಲಿ ಏಳನ್ನು ಆರಿಸಿದರೆ ಒಂದನೇ ತರಗತಿಯ ಮಗುವೂ ತಂಡಕ್ಕೆ ಬರುತ್ತದೆ, ಎದುರಾಡಲು ಇಬ್ಬರೇ ಉಳಿಯುತ್ತಾರೆ.

‘ಶಾಲೆ ಉಳಿಸಿ’ ಎಂದು ಸಹಿ ಹಾಕುವವರಲ್ಲಿ ಹೆಚ್ಚಿನವರು ಊರು ಬಿಟ್ಟು ಎಷ್ಟೋ ವರ್ಷವಾದವರು. ಅವರಿಗೆ ಬೇಕಾದದ್ದು ಹೆಂಚಿನ ಮಾಡು, ಧ್ವಜಕಟ್ಟೆ, ಹಬ್ಬಕ್ಕೆ ಬಂದಾಗ ನಿಂತು ತೆಗೆಸಿಕೊಳ್ಳುವ ಒಂದು ಫೋಟೊ. ಅವರ ನೆನಪು ಕಾಯಲು ಒಂಬತ್ತು ಮಕ್ಕಳನ್ನು ಒಂಟಿಯಾಗಿ ಕೂರಿಸಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ದೂರ, ಮಳೆ ಎನ್ನುತ್ತಾರೆ. ಖಾಸಗಿ ಶಾಲೆಯ ಹಳದಿ ವ್ಯಾನ್ ನಮ್ಮೂರ ಕೂಡುರಸ್ತೆಗೆ ದಿನಾ ಬೆಳಿಗ್ಗೆ ಬರುತ್ತದೆ, ದುಡ್ಡಿದ್ದವರ ಮಕ್ಕಳು ಅದರಲ್ಲಿ ಹೋಗುತ್ತಾರೆ. ದುಡ್ಡಿಲ್ಲದವರ ಮಕ್ಕಳು ಮಾತ್ರ ಈ ಒಂಬತ್ತರಲ್ಲಿ ಉಳಿದಿದ್ದಾರೆ. ಅದೇ ವ್ಯಾನ್ ಸರ್ಕಾರದ್ದಾದರೆ ಮಳೆ ಜೋರಾಗಿಬಿಡುತ್ತದೆಯೇ? ಮುಂದಿನ ಜೂನ್‌ಗೆ ಶಾಲೆ ಶುರುವಾಗುವ ಮೊದಲೇ ಆ ಮಕ್ಕಳಿಗೆ ಜೊತೆ ಕೊಡಿ.

ವಿರೋಧ: ಸಣ್ಣ ಮಕ್ಕಳನ್ನು ಊರಲ್ಲೇ ಬಿಡಿ

ಇದೇ ಶಾಲೆಯಲ್ಲಿ ನಾನು ಪರ ಬರೆದ ತಂಗಿಗಿಂತ ಬಹಳ ಮೊದಲು ಓದಿದವನು, ಆಮೇಲೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯಾದ ಎಸ್‌ಡಿಎಂಸಿಯಲ್ಲೂ ಇದ್ದವನು. ವಿರೋಧವಾಗಿ ಬರೆಯಿರಿ ಎಂದು ಕೇಳಿದರು, ಬರೆಯುತ್ತಿದ್ದೇನೆ. ನಾಲ್ಕು, ಐದನೇ ತರಗತಿಯ ಮಾತಾದರೆ ನನ್ನದು ಅಷ್ಟು ಗಟ್ಟಿ ವಿರೋಧವಲ್ಲ. ಮೂರರವರೆಗಿನ ಮಕ್ಕಳ ವಿಷಯದಲ್ಲಿ ಮಾತ್ರ ಬಿಟ್ಟುಕೊಡಲಾರೆ.

ಕಾರಣ ದಾರಿ. ಏಳು ಕಿಲೋಮೀಟರ್ ಎನ್ನುವುದು ಶಾಲೆಯಿಂದ ಶಾಲೆಗೆ ಡಾಂಬರು ರಸ್ತೆಯ ಲೆಕ್ಕ. ಮಲೆನಾಡಿನಲ್ಲಿ ಮನೆಗಳು ಒಂದೊಂದು ಒಂದೊಂದು ಗುಡ್ಡದ ಮಗ್ಗುಲಲ್ಲಿವೆ. ವ್ಯಾನ್ ಬಂದು ನಿಲ್ಲುವುದು ಕೂಡುರಸ್ತೆಯಲ್ಲಿ. ಅಲ್ಲಿಗೆ ಬರಲು ತೋಟ ಇಳಿಯಬೇಕು, ಗದ್ದೆ ಅಂಚಿನಲ್ಲಿ ನಡೆಯಬೇಕು, ಹಳ್ಳದ ಮೇಲಿನ ಸಂಕ, ಅಂದರೆ ಕಾಲುಸೇತುವೆ, ದಾಟಬೇಕು. ಆಷಾಢದಲ್ಲಿ ಹಳ್ಳ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 2022ರ ಆಗಸ್ಟ್‌ನಲ್ಲಿ ಘಟ್ಟದ ಕೆಳಗೆ ಬೈಂದೂರು ತಾಲ್ಲೂಕಿನಲ್ಲಿ ಎರಡನೇ ತರಗತಿಯ ಹುಡುಗಿ ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಬಿದ್ದು ಕೊಚ್ಚಿಹೋದಳು. ಒಂದರಿಂದ ಐದನೇ ತರಗತಿಯ ಶಾಲೆ 1 ಕಿಲೋಮೀಟರ್ ಒಳಗೆ ಇರಬೇಕು, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಆಗಬಹುದು ಎಂದು ನಿಯಮ ಮಾಡಿದವರು ಮಗುವಿನ ಕಾಲನ್ನು ನೋಡಿಯೇ ಮಾಡಿದ್ದಾರೆ.

ವ್ಯಾನ್ ಕೊಡಿ ಎಂದು ಬರೆಯುವುದು ಸುಲಭ. 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದರು, ನಮ್ಮೂರ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಲು ಅದು ಎಷ್ಟು ಆಸರೆಯಾಯಿತು ಎಂಬುದನ್ನು ಕಂಡಿದ್ದೇನೆ. ಕೊರೊನಾ ಕಾಲದಲ್ಲಿ ಅದು ನಿಂತುಹೋಯಿತು. ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು, ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್, ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಮಗುವಿಗೆ ಜ್ವರ ಬಂದಿದೆ ಎಂದು ಮಧ್ಯಾಹ್ನ ಫೋನ್ ಬಂದರೆ ಅಡಿಕೆ ಸುಲಿಯುವ ಕೂಲಿ ಬಿಟ್ಟು ತಾಯಿ ಹೋಬಳಿಗೆ ಹೇಗೆ ಹೋಗಬೇಕು? ಈಗ ತೋಟದಿಂದ ಕೂಗಿದರೆ ಶಾಲೆಗೆ ಕೇಳುತ್ತದೆ. ವ್ಯಾನಿನ ಟೆಂಡರ್ ಒಂದು ವರ್ಷ ತಡವಾದರೆ ಆ ವರ್ಷ ಮಗು ಮನೆಯಲ್ಲಿ ಉಳಿಯುತ್ತದೆ. ಹಾಗೆ ಉಳಿದ ಮಗು ಹೆಣ್ಣಾದರೆ ತಮ್ಮನನ್ನು ನೋಡಿಕೊಳ್ಳಲು ಎಂದು ಮುಂದಿನ ವರ್ಷವೂ ಉಳಿಯುತ್ತದೆ.

ಜೊತೆ ಬೇಕು ಎಂಬ ಮಾತು ಸರಿ. ನಮ್ಮೂರ ಮಕ್ಕಳಿಗೆ ಭಾನುವಾರ ಕೆರೆಯ ಬಯಲಿನಲ್ಲಿ ಬೇಕಾದಷ್ಟು ಜೊತೆ ಸಿಗುತ್ತದೆ. ಸಾವಿರ ಮಕ್ಕಳಿರುವ ಕಡೆ ದೊಡ್ಡ ಗೇಟು, ಟೈ, ಸಾಲು ಎಂದು ಆರು ವರ್ಷದ ಮಗುವನ್ನು ಕಳೆದುಹಾಕುವುದು ಬೇಡ. ನಿಯೋಜನೆ ಮೇಲೆ ಹೋದ ಶಿಕ್ಷಕರನ್ನು ವಾಪಸ್ ಕಳಿಸಿ ಎಂದು ಎಸ್‌ಡಿಎಂಸಿಯಿಂದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ನಾವು ಅರ್ಜಿ ಕೊಟ್ಟಿದ್ದೆವು, ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಆ ಒಬ್ಬರು ಬರುವುದಕ್ಕೂ ಮೊದಲೇ ಶಾಲೆ ಸತ್ತಿದೆ ಎಂದು ತೀರ್ಮಾನಿಸುವುದು ಅನ್ಯಾಯ. ಸುತ್ತಮುತ್ತ ಬೀಗ ಬಿದ್ದ ಶಾಲೆಗಳನ್ನು ಕಂಡಿದ್ದೇನೆ, ಒಂದೂ ಮತ್ತೆ ತೆರೆದದ್ದನ್ನು ಕಂಡಿಲ್ಲ.

ನಾಲ್ಕು, ಐದನೇ ತರಗತಿಯವರನ್ನು ವ್ಯಾನ್ ಬಂದು ನಿಂತ ಮೇಲೆ, ಸಂಕಕ್ಕೆ ಕಾಂಕ್ರೀಟ್ ಬಿದ್ದ ಮೇಲೆ ಕಳಿಸೋಣ. ಅಲ್ಲಿಯವರೆಗೆ ಒಂದರಿಂದ ಮೂರರವರೆಗೆ ಊರ ಶಾಲೆಯ ಬಾಗಿಲು ತೆರೆದಿರಲಿ, ಅಂಗನವಾಡಿಯನ್ನೂ ಅದೇ ಕಟ್ಟಡಕ್ಕೆ ತರಲಿ.