ಐದು ವರ್ಷ ಸಾಲದು, ಐನೂರು ಮಾಡಿ

ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಮರಳಿಗೆ ಮಾತ್ರ ಬರವಿಲ್ಲ. ಕೆರೆಯಂಗಳದ ಮಣ್ಣನ್ನು ಗುಂಡಿಗೆ ಸುರಿದು, ನೀರು ಬಿಟ್ಟು ಕದಡಿ, ಜೇಡಿ ಹರಿದುಹೋದ ಮೇಲೆ ತಳದಲ್ಲಿ ಉಳಿಯುವುದನ್ನು ಜನ ಫಿಲ್ಟರ್ ಮರಳು ಎನ್ನುತ್ತಾರೆ. ಕುಡಿಯುವ ನೀರಿಗಾಗಿ ವರ್ಷಗಟ್ಟಲೆ ಹೋರಾಟ ನಡೆದ ಈ ಸೀಮೆಯಲ್ಲಿ ಮಣ್ಣಿಗೆ ಸ್ನಾನ ಮಾಡಿಸಲು ನೀರು ಹೇಗೋ ಒದಗಿಬಿಡುತ್ತದೆ.

ಈ ದಂಧೆಯ ಮಾತು ಬಂದ ಸಭೆಗಳಲ್ಲೆಲ್ಲ ಹೇಳುವ ಔಷಧ ಒಂದೇ: ಶಿಕ್ಷೆಯನ್ನು ಕಠಿಣಗೊಳಿಸಬೇಕು. ಆ ಔಷಧವನ್ನು ಕುಡಿಸಿಯೂ ಆಗಿದೆ. 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಅಕ್ರಮ ಗಣಿಗಾರಿಕೆಗೆ ಇದ್ದ ಗರಿಷ್ಠ 2 ವರ್ಷಗಳ ಸೆರೆವಾಸವನ್ನು 2015ರಲ್ಲಿ 5 ವರ್ಷಕ್ಕೂ, 25 ಸಾವಿರ ರೂಪಾಯಿಯ ದಂಡವನ್ನು ಹೆಕ್ಟೇರಿಗೆ 5 ಲಕ್ಷದವರೆಗೂ ಏರಿಸಲಾಯಿತು. ಎರಡಕ್ಕೆ ಹೆದರದವರು ಐದಕ್ಕೂ ಹೆದರಲಿಲ್ಲವೆಂದರೆ ದೋಷ ಅಂಕಿಯದ್ದೇ ಇರಬೇಕು. ಆದ್ದರಿಂದ ಅದನ್ನು ಒಮ್ಮೆಗೇ ಐನೂರಕ್ಕೆ ಏರಿಸಿ, ಅಪರಾಧಿ ಪೂರೈಸಲಾಗದೆ ಉಳಿಸಿಹೋದ ವರ್ಷಗಳನ್ನು ಪಹಣಿಯಲ್ಲಿ ಪೌತಿ ಖಾತೆ ಮಾಡಿ ಮೊಮ್ಮಕ್ಕಳಿಗೆ ವರ್ಗಾಯಿಸಬೇಕೆಂದು ನಾನು ಸವಿನಯವಾಗಿ ಸೂಚಿಸುತ್ತೇನೆ.

ಅದೇ ಕಾಯ್ದೆಯ ಒಳಮನೆಯಲ್ಲಿ ಇನ್ನೆರಡು ಕಲಮುಗಳಿವೆ, ಭಾಷಣಗಳಲ್ಲಿ ಅವು ಬರುವುದು ಅಪರೂಪ. 22ನೇ ಕಲಮಿನ ಪ್ರಕಾರ ಅಧಿಕೃತ ಅಧಿಕಾರಿಯ ಲಿಖಿತ ದೂರಿಲ್ಲದೆ ನ್ಯಾಯಾಲಯವು ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. 23ಎ ಕಲಮಿನ ಪ್ರಕಾರ, ಆ ಅಧಿಕಾರಿ ಒಪ್ಪಿ ನಿಗದಿಪಡಿಸಿದ ಹಣ ಕಟ್ಟಿದರೆ ಪ್ರಕರಣ ರಾಜಿಯಾಗುತ್ತದೆ, ಆರೋಪಿ ಬಂಧನದಲ್ಲಿದ್ದರೆ ಕೂಡಲೇ ಬಿಡುಗಡೆಯೂ ಆಗುತ್ತದೆ. ಮುಂಬಾಗಿಲಿಗೆ ಐದು ವರ್ಷದ ಬೀಗ, ಹಿತ್ತಲ ಬಾಗಿಲಿಗೆ ರಸೀದಿ ಪುಸ್ತಕ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದನ್ನು ಇಷ್ಟು ಅಚ್ಚುಕಟ್ಟಾಗಿ ಕರಡು ಮಾಡಿದವರಿಗೆ ರಾಜ್ಯೋತ್ಸವ ಪ್ರಶಸ್ತಿಯಾದರೂ ಸಲ್ಲಬೇಕಿತ್ತು.

ಇಟಲಿಯ ಚೆಸಾರೆ ಬೆಕಾರಿಯಾ ಎಂಬ ಪುಣ್ಯಾತ್ಮ 1764ರಲ್ಲೇ, ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದು ತಪ್ಪದೆ ಬರುತ್ತದೆಂಬ ಖಾತರಿ ಎಂದು ಬರೆದಿಟ್ಟಿದ್ದ. ನಮ್ಮ ಶಾಸಕಾಂಗಗಳಿಗೆ ಅವನನ್ನು ಓದಲು ಪುರುಸೊತ್ತಾಗಿಲ್ಲ, ಇರಲಿ. ಆದರೆ ಮರಳಿನ ಲಾರಿಯವರು ಓದದೆಯೇ ಅವನ ಶಿಷ್ಯರಾಗಿದ್ದಾರೆ. ರಾತ್ರಿ ಲೋಡು ಹೊರಡುವ ಮೊದಲು ಬೈಕಿನಲ್ಲಿ ಹುಡುಗರನ್ನು ಮುಂದೆ ಕಳಿಸುವವರು ವಿಚಾರಿಸುವುದು ಶಿಕ್ಷೆ ಎಷ್ಟು ವರ್ಷವೆಂದಲ್ಲ, ತಹಸೀಲ್ದಾರರ ಜೀಪು ಯಾವ ಕಡೆಗೆ ಹೋಯಿತೆಂದು. ಜೀಪು ಬರುವ ಸುಳಿವಿದ್ದರೆ ಆ ರಾತ್ರಿಯ ಮಟ್ಟಿಗೆ ಮೋಟಾರು ನಿಲ್ಲುತ್ತದೆ. ಜೀಪು ದಿನವೂ ಬರತೊಡಗಿದರೆ ತಹಸೀಲ್ದಾರರಿಗೆ ವರ್ಗಾವಣೆಯಾಗುತ್ತದೆ.

ಜೀಪು ಓಡಿಸಲು ಡೀಸೆಲ್ ಬೇಕು, ಚಾಲಕ ಬೇಕು, ನಿದ್ದೆಗೆಡುವ ಅಧಿಕಾರಿ ಬೇಕು; ಕಾಯ್ದೆಯಲ್ಲಿ ಅಂಕಿ ತಿದ್ದಲು ಇವಾವುದೂ ಬೇಡ. ಹೀಗಾಗಿ ನನ್ನ ಐನೂರು ವರ್ಷದ ಸೂಚನೆ ಸರ್ವಾನುಮತದಿಂದ ಅಂಗೀಕಾರವಾಗುವುದರಲ್ಲಿ ನನಗೆ ಸಂಶಯವಿಲ್ಲ. ಲಾರಿ ಮಾಲೀಕರ ಆಕ್ಷೇಪಣೆಯೂ ಇರಲಾರದು. ಅವರ ಕೋರಿಕೆ ಒಂದೇ ಇದ್ದೀತು: ಚೆಕ್‌ಪೋಸ್ಟಿನ ಕ್ಯಾಮೆರಾ ದುರಸ್ತಿಯ ವಿಷಯವನ್ನು ಮುಂದಿನ ಸಭೆಗೆ ಮುಂದೂಡಬೇಕು.