ಸಾಲ ಕೊಟ್ಟವರೆಲ್ಲ ಒಂದೆಡೆ ಕೂರುವುದು

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನಾನು ತಿಂಗಳಿಗೆ 280 ಪೌಂಡ್ ಸಾಲದ ಕಂತು ಕಟ್ಟುತ್ತೇನೆ. ಕಟ್ಟುವುದು ಒಂದೇ ಖಾತೆಗೆ. ಅಲ್ಲಿಂದ ಅದು ಐದು ಸಂಸ್ಥೆಗಳಿಗೆ ಪಾಲಾಗಿ ಹೋಗುತ್ತದೆ. ಮುಳಬಾಗಿಲು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿರುವ ನನ್ನ ತಮ್ಮನಿಗೂ ಐದು ಕಡೆ ಸಾಲವಿದೆ. ಅವನು ಐದು ಬಾಗಿಲಿಗೆ ಅಲೆಯುತ್ತಾನೆ, ಅಲೆಯದಿದ್ದರೆ ಅವರೇ ಅವನ ಬಾಗಿಲಿಗೆ ಬರುತ್ತಾರೆ. ಒಂದೇ ತಾಯಿಯ ಮಕ್ಕಳಾದ ನಮ್ಮಿಬ್ಬರಲ್ಲಿ ದುಡಿಮೆಯಲ್ಲಾಗಲಿ ಪ್ರಾಮಾಣಿಕತೆಯಲ್ಲಾಗಲಿ ಅವನು ನನಗಿಂತ ಒಂದು ಕೈ ಮೇಲೆಂದೇ ನಾನು ನಂಬಿದ್ದೇನೆ. ಹಾಗಿದ್ದೂ ನಾನು ನಿದ್ದೆ ಮಾಡುತ್ತೇನೆ, ಅವನು ಮಾಡುವುದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಯೋಚಿಸುತ್ತಾ ಬರೆದದ್ದು ಇದು.

ಮೊದಲು ನನ್ನದನ್ನೇ ಹೇಳಿಬಿಡುತ್ತೇನೆ, ಏಕೆಂದರೆ ವಿದೇಶದಲ್ಲಿರುವವರಿಗೆ ಸಾಲವೇ ಇರುವುದಿಲ್ಲವೆಂಬ ನಂಬಿಕೆ ಊರಿನಲ್ಲಿ ಇನ್ನೂ ಗಟ್ಟಿಯಾಗಿದೆ, ಮತ್ತು ಅದನ್ನು ಗಟ್ಟಿ ಮಾಡಿದವರಲ್ಲಿ ನಾನೂ ಒಬ್ಬ. ತಂಗಿಯ ಮದುವೆಯ ಖರ್ಚು ಎರಡು ಕ್ರೆಡಿಟ್ ಕಾರ್ಡುಗಳ ಮೇಲೆ ಕೂತಿತ್ತು. 2020ರಲ್ಲಿ ಹೆಂಡತಿಯ ಕೆಲಸ ಹೋಯಿತು. ಒಂದು ಕಾರ್ಡಿನ ಕನಿಷ್ಠ ಕಂತನ್ನು ಇನ್ನೊಂದು ಕಾರ್ಡಿನಿಂದ ಕಟ್ಟುವ ಆಟ ಒಂದು ವರ್ಷ ನಡೆದು, 2021ರ ಜೂನ್ ಹೊತ್ತಿಗೆ ಒಟ್ಟು ಬಾಕಿ 23,400 ಪೌಂಡಿಗೆ ಬಂದು ನಿಂತಿತ್ತು. ಆ ದಿನಗಳಲ್ಲೂ ಗೌರಿ ಹಬ್ಬಕ್ಕೆ ಊರಿಗೆ ಹಣ ಕಳಿಸುವುದನ್ನು ನಾನು ತಪ್ಪಿಸಿರಲಿಲ್ಲ ಎಂಬುದನ್ನು ಹೆಮ್ಮೆಯಿಂದ ಹೇಳಬೇಕೋ ನಾಚಿಕೆಯಿಂದ ಹೇಳಬೇಕೋ ಇವತ್ತಿಗೂ ತಿಳಿಯದು.

ಇಲ್ಲಿ ಸಾಲದ ಬಗ್ಗೆ ಹಣ ತೆಗೆದುಕೊಳ್ಳದೆ ಸಲಹೆ ಕೊಡುವ ಸಂಸ್ಥೆಗಳಿವೆ: ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್. ಆದರೆ ಗಾಬರಿಯಲ್ಲಿದ್ದವನ ಕಣ್ಣಿಗೆ ಮೊದಲು ಬೀಳುವುದು ಜಾಹೀರಾತು. ನಾನು ಕರೆ ಮಾಡಿದ ಮೊದಲ ಕಂಪನಿಯವರು ಇಪ್ಪತ್ತೇ ನಿಮಿಷದಲ್ಲಿ ನನ್ನ ಬದುಕನ್ನೆಲ್ಲ ಅಳೆದು, ನನಗೆ ತಕ್ಕುದು ಐವಿಎ, ಅಂದರೆ ಸಾಲ ಕೊಟ್ಟವರೊಡನೆ ಕಾನೂನಿನಡಿ ಮಾಡಿಕೊಳ್ಳುವ ಕಂತಿನ ಒಪ್ಪಂದವಾದ ಇಂಡಿವಿಜುವಲ್ ವಾಲಂಟರಿ ಅರೇಂಜ್‌ಮೆಂಟ್ ಒಂದೇ ಎಂದು ತೀರ್ಪು ಕೊಟ್ಟರು. ನನ್ನ ಹೆಸರನ್ನು ಐವಿಎ ಮಾಡಿಸುವವರಿಗೆ ದಾಟಿಸಿದರೆ ಅವರಿಗೆ ಕಮಿಷನ್ ಸಿಗುತ್ತಿತ್ತೆಂದು ತಿಳಿದದ್ದು ಆಮೇಲೆ. ಹೀಗೆ ಸಾಲಗಾರರನ್ನು ದಾಟಿಸಿ ಹಣ ಪಡೆಯುವುದನ್ನು ಇಲ್ಲಿನ ಹಣಕಾಸು ನಿಯಂತ್ರಕರು 2023ರ ಅಕ್ಟೋಬರ್‌ನಿಂದ ನಿಷೇಧಿಸಿದ್ದಾರೆ. ಇಂಗ್ಲೆಂಡಿನಲ್ಲಿ ಎಲ್ಲವೂ ನೆಟ್ಟಗಿದೆಯೆಂದು ಹೇಳಲು ನಾನು ಕೂತಿಲ್ಲವೆಂಬುದಕ್ಕೆ ಇಷ್ಟು ಸಾಕು.

ಉಚಿತ ಸಲಹೆಗಾರ್ತಿಯೊಬ್ಬರು ಎರಡು ಗಂಟೆ ಕಾಲ ಫೋನಿನಲ್ಲಿ ನನ್ನ ಆದಾಯ ಖರ್ಚುಗಳನ್ನು ಬರೆದುಕೊಂಡರು. ಬಾಡಿಗೆ, ದಿನಸಿ, ಬಸ್ಸು, ಮಗಳ ಶೂ, ಕೊನೆಗೆ ಕ್ಷೌರದ ಖರ್ಚಿಗೂ ಆ ನಮೂನೆಯಲ್ಲಿ ಒಂದು ಅಂಕಣವಿತ್ತು. ತಾಯಿಗೆ ತಿಂಗಳು ತಿಂಗಳು ಕಳಿಸುವ ಆರು ಸಾವಿರ ರೂಪಾಯಿಗೆ ಮಾತ್ರ ಅಂಕಣವಿರಲಿಲ್ಲ. ಅದು ಕಾನೂನಿನ ಪ್ರಕಾರ ಕೊಡಲೇಬೇಕಾದದ್ದೇ ಎಂದು ಆಕೆ ಕೇಳಿದರು. ಕಾನೂನು ಗೊತ್ತಿಲ್ಲ, ಕೊಡಲೇಬೇಕು ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅದನ್ನು ‘ಇತರೆ’ಯಲ್ಲಿ ಸೇರಿಸಿದರು. ಅಂದೇ ಅವರು ನನ್ನನ್ನು ‘ಬ್ರೀದಿಂಗ್ ಸ್ಪೇಸ್’ ಎಂಬ ಯೋಜನೆಗೆ ಹಾಕಿದರು. 2021ರ ಮೇ 4ರಂದು, ಅಂದರೆ ಅದಕ್ಕೆ ಸುಮಾರು ಒಂದು ತಿಂಗಳ ಹಿಂದಷ್ಟೇ ಜಾರಿಗೆ ಬಂದಿದ್ದ ಆ ಯೋಜನೆಯಡಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅರವತ್ತು ದಿನ ಬಹುಪಾಲು ಸಾಲಗಳ ಬಡ್ಡಿ, ದಂಡ, ವಸೂಲಿ ಕ್ರಮಗಳೆಲ್ಲ ನಿಲ್ಲುತ್ತವೆ. ಸಾಲ ಒಂದು ಪೌಂಡಿನಷ್ಟೂ ಕಡಿಮೆಯಾಗುವುದಿಲ್ಲ. ಫೋನು ನಿಲ್ಲುತ್ತದೆ, ಅಷ್ಟೇ. ಆ ಮೌನದಲ್ಲಿಯೇ ನನಗೆ ಲೆಕ್ಕ ಹಾಕುವ ಬುದ್ಧಿ ಮರಳಿ ಬಂದದ್ದು.

ಲೆಕ್ಕ ಹೀಗಿತ್ತು. ತಿಂಗಳಿಗೆ 280 ಪೌಂಡ್ ಮಾತ್ರ ಉಳಿಯುತ್ತಿತ್ತು. ಎಲ್ಲರನ್ನೂ ಒಪ್ಪಿಸಿ ಪೂರ್ತಿ ತೀರಿಸುವ ಅನೌಪಚಾರಿಕ ಯೋಜನೆಯಾದರೆ ಏಳು ವರ್ಷ ಬೇಕು, ಮತ್ತು ಬಡ್ಡಿ ನಿಲ್ಲಿಸುವುದು ಸಾಲ ಕೊಟ್ಟವರ ಮರ್ಜಿ. ನಡುವೆ ಒಬ್ಬರು ಮನಸ್ಸು ಬದಲಿಸಿದರೂ ತಡೆಯಲಾಗದು. ಐವಿಎ ಆದರೆ ಅರವತ್ತು ಕಂತು. 1986ರ ದಿವಾಳಿ ಕಾಯ್ದೆಯಲ್ಲಿ ಹುಟ್ಟಿದ ಈ ಏರ್ಪಾಡಿನಲ್ಲಿ ಪರವಾನಗಿ ಪಡೆದ ವೃತ್ತಿಪರರೊಬ್ಬರು ಮಧ್ಯೆ ನಿಂತು ಪ್ರಸ್ತಾವ ಬರೆಯುತ್ತಾರೆ. ಮತ ಹಾಕಿದವರ ಸಾಲದ ಮೊತ್ತದಲ್ಲಿ ಮುಕ್ಕಾಲು ಭಾಗ ಒಪ್ಪಿದರೆ ಒಪ್ಪದವರೂ ಮತ ಹಾಕದವರೂ ಅದಕ್ಕೆ ಬದ್ಧರಾಗಬೇಕು. ನನ್ನ ಸರದಿಯಲ್ಲಿ ಒಂದು ಕಾರ್ಡ್ ಕಂಪನಿ ವಿರೋಧಿಸಿತು, ಇನ್ನೊಂದು ಉತ್ತರವನ್ನೇ ಕೊಡಲಿಲ್ಲ, ಉಳಿದ ಮೂವರು ಒಪ್ಪಿದರು. ಮೊದಲ ತಿಂಗಳುಗಳ ಕಂತಿನ ಹೆಚ್ಚು ಪಾಲು ಮಧ್ಯಸ್ಥರ ಶುಲ್ಕಕ್ಕೇ ಹೋಯಿತು, ಅದು ನನಗೆ ಸರಿಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಸಂಬಳ ಏರಿದರೆ ತಿಳಿಸಬೇಕು, ಏರಿದ್ದರಲ್ಲಿ ಪಾಲು ಕೊಡಬೇಕು. ಹೆಸರು ಸಾರ್ವಜನಿಕ ದಾಖಲೆಗೆ ಸೇರುತ್ತದೆ, ಆರು ವರ್ಷ ಹೊಸ ಸಾಲ ಹುಟ್ಟುವುದು ಕಷ್ಟ. ಆದರೂ ಐವತ್ತು ಕಂತು ದಾಟಿದ್ದೇನೆ.

ಇದನ್ನೆಲ್ಲ ಕೊನೆಗೊಮ್ಮೆ ಅಮ್ಮನಿಗೆ ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಮಿಕ್ಕ ದುಡ್ಡು ಯಾರು ಕಟ್ತಾರಪ್ಪಾ?” 280ನ್ನು ಅರವತ್ತರಿಂದ ಗುಣಿಸಿದರೆ 16,800. ಮಿಕ್ಕ 6,600 ಪೌಂಡನ್ನೂ, ಮಧ್ಯಸ್ಥರ ಶುಲ್ಕಕ್ಕೆ ಹೋದಷ್ಟನ್ನೂ ಯಾರೂ ಕಟ್ಟುವುದಿಲ್ಲ, ಕಂಪನಿಯವರು ಬಿಟ್ಟುಬಿಡುತ್ತಾರೆ ಎಂದೆ. ಆಕೆಗೆ ಸಮಾಧಾನವಾಗಲಿಲ್ಲ. ಋಣ ಎಂಬುದು ಮುಂದಿನ ಜನ್ಮಕ್ಕೂ ಬೆನ್ನುಬೀಳುತ್ತದೆಂದು ನಂಬಿದವರಿಗೆ ಮುಕ್ಕಾಲು ಮತದ ಸಮಾಧಾನ ಸಾಲದು. ನನಗೂ ಆಕೆಯ ಪ್ರಶ್ನೆ ಕೊಂಚ ಚುಚ್ಚಿದ್ದು ನಿಜ. ಆದರೆ ಆ ಕಾರ್ಡುಗಳ ಬಡ್ಡಿಯನ್ನು ವರ್ಷಗಟ್ಟಲೆ ಕಟ್ಟಿದ್ದನ್ನು ನೆನೆದು, ಅಸಲಿನ ಮಟ್ಟಿಗೆ ನಾನು ಕಳ್ಳನಲ್ಲವೆಂದು ತೀರ್ಮಾನಿಸಿಕೊಂಡಿದ್ದೇನೆ.

ಈಗ ತಮ್ಮನ ವಿಷಯಕ್ಕೆ ಬರುತ್ತೇನೆ. ಕೋಲಾರ ಜಿಲ್ಲೆಯಲ್ಲಿ ಸಾಲದ ಕಥೆ ಸಾಮಾನ್ಯವಾಗಿ ಕೊಳವೆಬಾವಿಯಿಂದ ಶುರುವಾಗುತ್ತದೆ. ಅವನು 1,200 ಅಡಿ ಕೊರೆಸಿದ, ಮಣ್ಣಿನ ಧೂಳು ಬಂತು. ಎರಡನೆಯದರಲ್ಲಿ ಒಂದೂವರೆ ಇಂಚು ನೀರು ಬಂತು, ಟೊಮೇಟೊ ಹಾಕಿದ, ಕೊಯ್ಲಿನ ಹೊತ್ತಿಗೆ ಬಾಕ್ಸಿನ ಬೆಲೆ ಕೂಲಿಗೂ ಸಾಲದಷ್ಟು ಇಳಿಯಿತು. ಸೊಸೈಟಿಯ ಬೆಳೆಸಾಲ ಒಂದು. ಹೆಂಡತಿಯ ಒಡವೆ ಇಟ್ಟು ತೆಗೆದ ಚಿನ್ನದ ಸಾಲ ಒಂದು. ಅವಳ ಹೆಸರಿನಲ್ಲೇ ಕಿರುಸಾಲದ (ಮೈಕ್ರೋಫೈನಾನ್ಸ್) ಸಂಘದ ವಾರದ ಕಂತು ಒಂದು. ಊರಿನವರಿಂದ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇಕಡಾ 36, ಆದರೆ ಮೂರು ರೂಪಾಯಿ ಎಂದಾಗ ಅದು ಚಿಲ್ಲರೆಯಂತೆ ಕೇಳಿಸುತ್ತದೆ. ಕೊನೆಗೆ ವಾರದ ಕಂತಿಗೆಂದು ಮೊಬೈಲ್ ಆ್ಯಪಿನಲ್ಲಿ ತೆಗೆದದ್ದು. ಮಂಡಿಯವರು ಕೊಟ್ಟ ಮುಂಗಡವನ್ನು ಅವನು ಸಾಲವೆಂದು ಎಣಿಸುವುದೇ ಇಲ್ಲ, ಅದು ಮಾಲು ಹಾಕಿದಾಗ ತಾನಾಗಿ ಮುರಿದುಹೋಗುತ್ತದೆ.

ಅರಳಿಕಟ್ಟೆಯಲ್ಲಿ ಹಿರಿಯರು ಕೂತು ರಾಜಿ ಮಾಡಿಸಿದರು. ಕೈಸಾಲ ಕೊಟ್ಟ ಇಬ್ಬರೂ ಬಂದಿದ್ದರು. ಇನ್ನು ಮುಂದೆ ಬಡ್ಡಿ ಓಡುವಂತಿಲ್ಲ, ಅಸಲನ್ನು ಮೂರು ಬೆಳೆಯಲ್ಲಿ ಕೊಡಬೇಕು, ಪ್ರೋನೋಟು ಯಜಮಾನರ ಬಳಿ ಇರಬೇಕು ಎಂದಾಯಿತು. ಇದನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ವೃತ್ತಿಪರರಿಗೆ ಶುಲ್ಕ ಕೊಟ್ಟು ಲೀಡ್ಸಿನಲ್ಲಿ ನಾನು ಪಡೆದದ್ದೂ ಇಷ್ಟೇ: ಬಡ್ಡಿಗೆ ತಡೆ, ಕಾಲಾವಕಾಶ, ನಡುವೆ ಒಬ್ಬ ಮೂರನೆಯವನು. ಹೋಳಿಗೆ ಊಟ ಹಾಕಿಸದೆ ಕಾಫಿಯಲ್ಲೇ ಮುಗಿದ ಆ ಪಂಚಾಯ್ತಿ 1986ರ ಕಾಯ್ದೆಗಿಂತ ಹಳೆಯದು.

ಹಾಗೆಂದು ಅರಳಿಕಟ್ಟೆಯನ್ನು ಹೊಗಳಿ ಕೂರುವವನೂ ನಾನಲ್ಲ. ಆ ಯಜಮಾನರೇ ಊರಿನ ಅರ್ಧ ಜನಕ್ಕೆ ಸಾಲ ಕೊಟ್ಟವರು. ಸಂಘದ ಸಾಲಕ್ಕೆ ಸಹಿ ಹಾಕಿದ, ವಾರವಾರ ಸಂಘದ ಸಭೆಯಲ್ಲಿ ಮಾತು ಕೇಳುವ ತಮ್ಮನ ಹೆಂಡತಿ ಕಟ್ಟೆಯ ಬಳಿ ನಿಂತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ಹೊಲಗೇರಿಯಿಂದ ಯಾರಾದರೂ ಇದೇ ಕಷ್ಟ ಹೇಳಿಕೊಂಡು ಬಂದಿದ್ದರೆ ಇಷ್ಟು ಬೇಗ ಕಟ್ಟೆ ತುಂಬುತ್ತಿತ್ತೇ ಎಂಬುದನ್ನು ಓದುಗರೇ ಊಹಿಸಬಹುದು. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ: ಐದು ಕಡೆಯ ಸಾಲದಲ್ಲಿ ಕಟ್ಟೆಗೆ ಬಂದದ್ದು ಒಂದೇ ಕಡೆಯವರು. ಸೊಸೈಟಿಗೆ ಅದರ ನಿಯಮ, ಚಿನ್ನದ ಸಾಲದವರಿಗೆ ಹರಾಜಿನ ನೋಟಿಸು, ಸಂಘದ ಹುಡುಗನಿಗೆ ಮೇಲಿನವರ ಗುರಿ. ಆ್ಯಪಿನವರಿಗಂತೂ ಮುಖವೇ ಇಲ್ಲ. ಅವರು ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಕರೆ ಮಾಡಿದರು, ಲೀಡ್ಸಿನಲ್ಲಿದ್ದ ನನಗೂ. ಸಾಲ ಕೊಡುವವನು ಅದೇ ಊರಿನಲ್ಲಿ ಬದುಕುತ್ತಿದ್ದ ಕಾಲಕ್ಕೆ ಕಟ್ಟಿದ ವ್ಯವಸ್ಥೆಗೆ, ಊರಲ್ಲಿರದ ಸಾಲ ಕೊಟ್ಟವನನ್ನು ಕರೆಸುವ ಶಕ್ತಿಯಿಲ್ಲ.

ಕಾನೂನು ಅವನನ್ನು ಕರೆಸಬಹುದಿತ್ತು. ನಮ್ಮಲ್ಲಿ ಕಾನೂನೇ ಇಲ್ಲವೆಂದುಕೊಂಡಿದ್ದೆ, ಓದಿದಾಗ ಆಶ್ಚರ್ಯವಾಯಿತು. 2016ರ ದಿವಾಳಿ ಮತ್ತು ಋಣಬಾಧ್ಯತಾ ಸಂಹಿತೆಯ ಮೂರನೆಯ ಭಾಗದಲ್ಲಿ ವ್ಯಕ್ತಿಗಳ ಸಾಲಕ್ಕೆ ಮರುಪಾವತಿ ಯೋಜನೆ, ಆ ಅವಧಿಯಲ್ಲಿ ವಸೂಲಿಗೆ ತಡೆ, ಸಾಲ ಕೊಟ್ಟವರಲ್ಲಿ ಮೊತ್ತದ ಲೆಕ್ಕದಲ್ಲಿ ಮುಕ್ಕಾಲಿಗಿಂತ ಹೆಚ್ಚಿನವರ ಒಪ್ಪಿಗೆ, ಎಲ್ಲವೂ ಇವೆ. ವಾರ್ಷಿಕ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರದ ಬಡವರಿಗೆ ಹೊಸದಾಗಿ ಬದುಕು ಆರಂಭಿಸುವ ಸರಳ ದಾರಿಯನ್ನೂ ಬರೆದಿಟ್ಟಿದ್ದಾರೆ. ಆದರೆ 2019ರ ಡಿಸೆಂಬರ್ 1ರಿಂದ ಆ ಭಾಗ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಕಂಪನಿಗೆ ಜಾಮೀನು ನಿಂತ ಉದ್ಯಮಿಗೆ ತೆರೆದ ಬಾಗಿಲು ಟೊಮೇಟೊ ಬೆಳೆದವನಿಗೆ ತೆರೆದಿಲ್ಲ. ಅವನಿಗೆ ಉಳಿದಿರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಸಾಲ 500 ರೂಪಾಯಿ ಇದ್ದರೆ ಅರ್ಜಿ ಹಾಕಬಹುದೆನ್ನುವಷ್ಟು ಹಳೆಯದು. ತೆಲುಗು ಬೆರೆತ ನಮ್ಮ ಗಡಿಭಾಗದಲ್ಲಿ ಇದಕ್ಕೆ ‘ಐಪಿ ಹಾಕುವುದು’ (ಇನ್ಸಾಲ್ವೆನ್ಸಿ ಪಿಟಿಷನ್, ಅಂದರೆ ದಿವಾಳಿ ಅರ್ಜಿ) ಎನ್ನುತ್ತಾರೆ, ಮತ್ತು ಹಾಗೆನ್ನುವಾಗ ತುಟಿ ಕೊಂಕುತ್ತದೆ. ಐಪಿ ಹಾಕಿದವನೆಂದರೆ ಹೆಂಡತಿಯ ಹೆಸರಿಗೆ ಜಮೀನು ಬರೆದು ಊರಿಗೆ ನಾಮ ಹಾಕಿದವನೆಂದೇ ಅರ್ಥ. ಅಂಥವರಿದ್ದದ್ದೂ ಸುಳ್ಳಲ್ಲ. ಆದರೆ ಆ ಮಾತಿನ ಭಯಕ್ಕೆ ಮರ್ಯಾದಸ್ಥರು ಕೋರ್ಟಿನ ಕಡೆ ತಲೆ ಹಾಕುವುದಿಲ್ಲ.

ಲೀಡ್ಸಿನ ಸಾರ್ವಜನಿಕ ದಾಖಲೆಯಲ್ಲಿ ನನ್ನ ಹೆಸರಿದೆ, ಪಕ್ಕದ ಮನೆಯವರಿಗೆ ಗೊತ್ತಿಲ್ಲ. ಹಳ್ಳಿಯಲ್ಲಿ ತಮ್ಮನ ಹೆಸರು ಯಾವ ದಾಖಲೆಯಲ್ಲೂ ಇಲ್ಲ, ಎಲ್ಲರಿಗೂ ಗೊತ್ತಿದೆ.

ಒಬ್ಬೊಬ್ಬರಿಗೆ ದಾರಿಯಿಲ್ಲದಿದ್ದರೆ ಊರಿಗೆ ಊರೇ ನಿಂತುಬಿಡುತ್ತದೆಂಬುದನ್ನು ಕೋಲಾರ ಕಂಡಿದೆ. 2009ರಲ್ಲಿ ಕೋಲಾರ ಪಟ್ಟಣದಲ್ಲಿ ಸಮುದಾಯದ ಮುಖಂಡರೇ ಕಿರುಸಾಲದ ಕಂತು ಕಟ್ಟಬೇಡಿ ಎಂದರು, ಸಾವಿರಾರು ಹೆಂಗಸರ ಕಂತು ಒಮ್ಮೆಗೇ ನಿಂತಿತು. ಸರ್ಕಾರಕ್ಕೆ ಗೊತ್ತಿರುವುದೂ ಇದೇ ಬಗೆಯ ಒಟ್ಟಾರೆ ಮದ್ದು. 2018ರಲ್ಲಿ ಬೆಳೆಸಾಲ ಮನ್ನಾ ಆಯಿತು, 2019ರಲ್ಲಿ ಖಾಸಗಿ ಲೇವಾದೇವಿಯ ಸಾಲಕ್ಕೆ ಋಣಪರಿಹಾರ ಕಾಯ್ದೆ ಬಂತು, 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ಬಂತು. ಕಿರುಸಾಲದವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಹೆದರಿಸುವವನನ್ನು ತಡೆಯುವುದು ಅಗತ್ಯವೇ. ಆದರೆ ಇವುಗಳಲ್ಲಿ ಯಾವುದೂ, ಕೊಡಲು ಮನಸ್ಸಿದ್ದು ಕೊಡಲಾಗದವನನ್ನು ಕೂರಿಸಿಕೊಂಡು “ನಿನ್ನ ಕೈಲಿ ಎಷ್ಟಾಗುತ್ತದೆ?” ಎಂದು ಕೇಳುವುದಿಲ್ಲ. ಬ್ಯಾಂಕಿನ ಏಕಕಾಲದ ಇತ್ಯರ್ಥಕ್ಕೆ ಹೋದರೆ ಒಂದಿಷ್ಟು ಹಣವನ್ನು ಒಮ್ಮೆಗೇ ತರಬೇಕು, ಅದಕ್ಕಾಗಿ ಮತ್ತೆ ಮೂರು ರೂಪಾಯಿ ಬಡ್ಡಿಯ ಬಾಗಿಲು.

ಇರುವುದರಲ್ಲಿ ನನಗೆ ಭರವಸೆಯಿರುವುದು ಲೋಕ ಅದಾಲತ್ತಿನ ಮೇಲೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಅಲ್ಲಾದ ರಾಜಿಗೆ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಅರಳಿಕಟ್ಟೆಗೆ ಇಲ್ಲದ ಬಲ ಅದು. ಆದರೆ ಅಲ್ಲಿಯೂ ಬ್ಯಾಂಕಿನದು ಒಂದು ಪ್ರಕರಣ, ಫೈನಾನ್ಸಿನದು ಇನ್ನೊಂದು; ಒಬ್ಬ ಮನುಷ್ಯನ ಐದೂ ಸಾಲಗಳನ್ನು ಒಂದೇ ಕಡತಕ್ಕೆ ತಂದು, ಆ ಕಡತ ತೆರೆದ ದಿನದಿಂದ ಅರವತ್ತು ದಿನ ವಸೂಲಿ ನಿಲ್ಲಿಸುವ ಅಧಿಕಾರವನ್ನು ಜಿಲ್ಲಾ ಪ್ರಾಧಿಕಾರಕ್ಕೆ ಕೊಟ್ಟರೆ ಕೋಲಾರದಲ್ಲಿ ಅರ್ಧ ಕೆಲಸ ಆದಂತೆ. ಮಧ್ಯಸ್ಥರ ಶುಲ್ಕವನ್ನು ಮಾತ್ರ ಇಂಗ್ಲೆಂಡಿನಂತೆ ಸಾಲಗಾರನ ಕಂತಿನಿಂದ ಕೀಳಬಾರದು.

ಕಳೆದ ಸಲ ಊರಿಗೆ ಹೋದಾಗ ಲೀಡ್ಸಿನ ಆ ಆದಾಯ ಖರ್ಚಿನ ನಮೂನೆಯನ್ನು ತಮ್ಮನ ಮುಂದಿಟ್ಟುಕೊಂಡು ತುಂಬಲು ನೋಡಿದೆ. ಮೊದಲ ಅಂಕಣವೇ ಮಾಸಿಕ ಆದಾಯ. ಅವನು ನಕ್ಕ. ಹಾಲಿನ ಡೈರಿಯ ಬಟವಾಡೆ ಹದಿನೈದು ದಿನಕ್ಕೊಮ್ಮೆ, ಟೊಮೇಟೊ ಸಿಕ್ಕರೆ ಮೂರು ತಿಂಗಳಿಗೊಮ್ಮೆ, ಎರಡು ಮಾವಿನ ಮರದ ಗುತ್ತಿಗೆ ವರ್ಷಕ್ಕೊಮ್ಮೆ. ಕೊನೆಗೆ ತಿಂಗಳುಗಳ ಹೆಸರು ಹೊಡೆದುಹಾಕಿ ಯುಗಾದಿ, ಗೌರಿ ಹಬ್ಬ, ಸಂಕ್ರಾಂತಿ ಎಂದು ಮೂರು ಸಾಲು ಬರೆದೆವು. ವಾರದ ಕಂತು ಆ ಮೂರು ಸಾಲಿನಲ್ಲಿ ಎಲ್ಲಿಯೂ ಕೂರಲಿಲ್ಲ.