ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ‘ಶೋ ಆಲ್’ ಎಂದು ಆಜ್ಞೆ ಕೊಟ್ಟರೆ ಸೆಟ್ಟಿಂಗ್‌ಗಳ ಮೈಲುದ್ದದ ಪಟ್ಟಿ ಬಂದು ಬೀಳುತ್ತದೆ. ಅದರಲ್ಲಿ ಕೆಲವು ಗಾಜಿನ ಕಪಾಟಿನೊಳಗಿನ ಮೈಸೂರುಪಾಕಿನಂತೆ: ನೋಡಬಹುದು, ಮುಟ್ಟುವಂತಿಲ್ಲ. ಮಾಹಿತಿಯನ್ನು ತುಂಡುತುಂಡಾಗಿ ಇಡುವ ಬ್ಲಾಕಿನ ಗಾತ್ರ 8192 ಬೈಟ್, ಇರಲಿ. ಬೇಗ ಹುಡುಕಲೆಂದು ಮಾಡುವ ಒಂದು ಇಂಡೆಕ್ಸಿಗೆ ಹೆಚ್ಚೆಂದರೆ 32 ಕಾಲಂ, ಅದೂ ಇರಲಿ, ಅಷ್ಟು ಯಾರಿಗೆ ಬೇಕು? ನನ್ನ ಜಗಳವೆಲ್ಲ ಟೇಬಲ್, ಕಾಲಂಗಳ ಹೆಸರಿನ ಉದ್ದದ ಮಿತಿಯೊಂದಿಗೆ. 63 ಬೈಟ್.

ಇಂಗ್ಲಿಷಿಗೆ ಅದು ಧಾರಾಳ. ಆದರೆ ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಅಕ್ಷರಕ್ಕೆ ಮೂರು ಬೈಟ್, ದೀರ್ಘಕ್ಕೆ ಮತ್ತೆ ಮೂರು, ಒತ್ತಕ್ಷರ ಬಂದರೆ ನಡುವಿನ ಹಲಂತ ಚಿಹ್ನೆಗೂ (್) ಮೂರು. ‘ಗ್ರಾ’ ಒಂದೇ 12 ಬೈಟ್ ನುಂಗುತ್ತದೆ!

ಮೊನ್ನೆ ಹುರುಪಿನಿಂದ ‘ಗ್ರಾಮಪಂಚಾಯಿತಿ_ಸದಸ್ಯರ_ಹಾಜರಾತಿ’ ಎಂಬ ಟೇಬಲ್ ಮಾಡಿದೆ. ದೋಷವೇನೂ ಬರಲಿಲ್ಲ, ಹೆಸರು ಮೊಟಕಾಗುತ್ತದೆ ಎಂಬ ಒಂದು ಸಾಲಿನ ಸೂಚನೆ ಮಾತ್ರ. ಅದನ್ನು ಯಾರು ಓದುತ್ತಾರೆ? ನಾನಂತೂ ಓದಲಿಲ್ಲ. ಆಮೇಲೆ ‘ಗ್ರಾಮಪಂಚಾಯಿತಿ_ಸದಸ್ಯರ_ಹಣಪಾವತಿ’ ಮಾಡಹೊರಟರೆ, ಈ ಟೇಬಲ್ ಈಗಾಗಲೇ ಇದೆ ಎಂದಿತು. ಎಲ್ಲಿದೆ? ಹುಡುಕಿದರೆ ಅಲ್ಲಿ ಕುಳಿತಿತ್ತು: ‘ಗ್ರಾಮಪಂಚಾಯಿತಿ_ಸದಸ್ಯರ_ಹ’. ಹಾಜರಾತಿಯ ದೀರ್ಘವನ್ನೂ ಕತ್ತರಿಸಿ, ಬರಿಯ ‘ಹ’ ಉಳಿಸಿದ ಪುಣ್ಯಾತ್ಮ!

ಸರಿ, ಮಿತಿ ಹೆಚ್ಚಿಸೋಣವೆಂದು ಸೆಟ್ಟಿಂಗ್ ಬದಲಿಸುವ ‘ಸೆಟ್’ ಆಜ್ಞೆ ಕೊಟ್ಟೆ. ಬದಲಿಸಲಾಗದು ಎಂಬ ಒಣ ಉತ್ತರ. ಸಂರಚನಾ ಕಡತದ ಮಾದರಿಯಲ್ಲಿ ಅದರ ಸುಳಿವೇ ಇಲ್ಲ. ಬೇಕೇ ಬೇಕೆಂದರೆ ಮೂಲ ಸಂಕೇತದಲ್ಲಿ (ಸೋರ್ಸ್ ಕೋಡ್) 64 ಎಂಬ ಸಂಖ್ಯೆಯನ್ನು (ಹೆಸರಿಗೆ 63, ಅದರ ಕೊನೆ ಗುರುತಿಸಲು ಒಂದು) ತಿದ್ದಿ, ಇಡೀ ಸರ್ವರನ್ನು ಮತ್ತೆ ಕಂಪೈಲ್ ಮಾಡಬೇಕಂತೆ. ಒಂದು ದೀರ್ಘಕ್ಕಾಗಿ! ಈಗ ಆ ಟೇಬಲ್ಲಿನ ಹೆಸರು ‘ಗ್ರಾಪಂ_ಹಾಜರಾತಿ’.